ನೀರು ನೂಕುವ ಚಕ್ರ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ನಿಂತು ದೋಣಿಯ ಪ್ರೊಪೆಲ್ಲರ್ ಬಗ್ಗೆ ಮಾತೆತ್ತಿದರೆ ಜನ ನಕ್ಕಾರು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳನ್ನು ಹೆಸರಿಸುವಾಗ ಇವೆರಡೂ ತಪ್ಪದೆ ಬರುತ್ತವೆ. ವೇದಾವತಿಯಲ್ಲಿ ವರ್ಷದ ಬಹುಪಾಲು ಕಾಣುವುದು ಮರಳು. ದೋಣಿಗೇನು ಕೆಲಸ? ಆದರೂ ಪ್ರೊಪೆಲ್ಲರಿನ ಇಬ್ಬರು ದಾಯಾದಿಗಳು ಈ ನೆಲದಲ್ಲಿ ಬಹುಕಾಲದಿಂದ ದುಡಿಯುತ್ತಿದ್ದಾರೆ.

ಮೊದಲನೆಯದು ಎಕ್ಸ್‌ಪೆಲ್ಲರ್. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದೇ ಶೇಂಗಾ ಎಣ್ಣೆಯ ಗಿರಣಿಗಳಿಂದ. ಗಿರಣಿಯೊಳಗೆ ತಿರುಪಿನಾಕಾರದ ಶಾಫ್ಟು ಸುತ್ತುತ್ತಾ ಬೀಜವನ್ನು ಒತ್ತಿ ಒತ್ತಿ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಎರಡನೆಯದು ಇಂಪೆಲ್ಲರ್, ಪಂಪಿನ ಹೊಟ್ಟೆಯೊಳಗಿನ ಚಕ್ರ. ಈ ಮೂರು ಹೆಸರುಗಳ ಬೇರು ಲ್ಯಾಟಿನ್ ಭಾಷೆಯ ಒಂದೇ ಕ್ರಿಯಾಪದ; ಅದರ ಅರ್ಥ ‘ನೂಕು’ ಎಂದು. ಪ್ರೊಪೆಲ್ಲರ್ ನೀರನ್ನು ಹಿಂದಕ್ಕೆ ನೂಕಿ ತಾನು ದೋಣಿಯೊಡನೆ ಮುಂದಕ್ಕೆ ಹೋಗುತ್ತದೆ. ಇಂಪೆಲ್ಲರ್ ಕೂತಲ್ಲೇ ಸುತ್ತಿ ನೀರನ್ನು ಅಂಚಿಗೆ ಎಸೆಯುತ್ತದೆ. ಪಂಪನ್ನು ಬೋಲ್ಟು ಹಾಕಿ ಬಿಗಿದಿರುವುದರಿಂದ ಊರು ಬಿಟ್ಟು ಹೊರಡುವುದು ನೀರು ಮಾತ್ರ! ಈಗಂತೂ ಅಸಲಿ ಪ್ರೊಪೆಲ್ಲರೇ ಬಂದಿದೆ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ಹಾರಾಟ ಪರೀಕ್ಷಾ ಕೇಂದ್ರವಿದೆ. 2016ರ ನವೆಂಬರಿನಲ್ಲಿ ಅಲ್ಲಿಂದ ಮೊದಲ ಬಾರಿ ಹಾರಿದ ಪೈಲಟ್‌ರಹಿತ ವಿಮಾನ ರುಸ್ತುಂ-2ಕ್ಕೆ ಅಂಥವು ಎರಡಿದ್ದವು.

ನನ್ನ ಮಾತು ಇರುವುದು ನಡುವಿನವನ ಬಗ್ಗೆ.

2023ರ ಆಗಸ್ಟ್ ನೆನಪಿರಬಹುದು. 1901ರಿಂದ ಇಟ್ಟುಕೊಂಡು ಬಂದ ದಾಖಲೆಗಳಲ್ಲಿ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ನಮ್ಮ ಚಿಕ್ಕಪ್ಪನ ಮೂರು ಎಕರೆ ಕೆಂಪು ನೆಲದಲ್ಲಿ ಶೇಂಗಾ ಹೂವಾಗಿ, ಹೂವಿನ ಬುಡದಿಂದ ಸೂಜಿಯಂಥ ಮೊನೆ ನೆಲಕ್ಕಿಳಿಯುವ ಹೊತ್ತು. ನೆಲ ಗಟ್ಟಿಯಾದರೆ ಆ ಮೊನೆ ಒಳಗಿಳಿಯದು. ಇಳಿಯದಿದ್ದರೆ ಕಾಯಿಯಿಲ್ಲ, ಬರೀ ಬಳ್ಳಿ. ಕೃಷಿ ಹೊಂಡದಲ್ಲಿ ಜುಲೈ ಮಳೆಯ ನೀರು ಅರ್ಧಕ್ಕಿಂತ ಮೇಲಿತ್ತು. ಆದರೆ ಡೀಸೆಲ್ ಪಂಪು ಸದ್ದು ಮಾಡಿತೇ ಹೊರತು ನೀರೆತ್ತಲಿಲ್ಲ. ಒಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಬೇರೆ.

ಬಿಚ್ಚಿ ನೋಡಿದರೆ ಇಂಪೆಲ್ಲರಿನ ಒಂದು ಎಲೆ ಮುರಿದಿತ್ತು, ಉಳಿದವುಗಳ ಮೇಲೆಲ್ಲ ಸಿಡುಬಿನ ಕಲೆಯಂಥ ಗುಂಡಿಗಳು. ಒಂದು ಅಂಗಡಿಯಲ್ಲಿ ಸ್ವಲ್ಪ ದೊಡ್ಡ ಅಳತೆಯದನ್ನು ತೋರಿಸಿ, “ಇದನ್ನು ಹಾಕಿ, ನೀರು ಇನ್ನೂ ಜಾಸ್ತಿ ಬರ್ತದೆ” ಎಂದರಂತೆ. ಚಿಕ್ಕಪ್ಪನ ಮಗಳು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಭಾನುವಾರವಾದ್ದರಿಂದ ಜೊತೆಗಿದ್ದಳು. ಹಳೆಯದರ ಅಳತೆಯೇ ಇರಲಿ ಎಂದು ಹಟ ಹಿಡಿದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು: ವೇಗ ಅಷ್ಟೇ ಇದ್ದು ವ್ಯಾಸ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಎಂಜಿನ್ನಿನ ಮೇಲಿನ ಹೊರೆ ಸುಮಾರು ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ನೀರು ಜಾಸ್ತಿ ಬರುವ ಮೊದಲು ಎಂಜಿನ್ನು ಕೆಮ್ಮಿ ನಿಲ್ಲುತ್ತದೆ.

ಪಂಪನ್ನು ಆಟೋದಲ್ಲಿ ಹೇರಿಕೊಂಡು ಚಳ್ಳಕೆರೆಗೆ ಹೋದೆವು. ಅಲ್ಲಿ ನನಗೆ ಗೊತ್ತಿದ್ದ ಹಿರಿಯ ಮೇಸ್ತ್ರಿಯೊಬ್ಬರು ಹರೆಯವನ್ನೆಲ್ಲ ಗಿರಣಿಗಳ ಎಕ್ಸ್‌ಪೆಲ್ಲರ್ ಶಾಫ್ಟು ಕಟ್ಟುವುದರಲ್ಲಿ ಕಳೆದವರು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಲೇತನ್ನು ಪಂಪಿನ ಕಡೆ ತಿರುಗಿಸಿದರು. ಗುಂಡಿಬಿದ್ದ ಚಕ್ರದ ಮೇಲೆ ಹೆಬ್ಬೆರಳು ಆಡಿಸಿ ಅವರು ಕೇಳಿದ ಮೊದಲ ಮಾತು: “ಫುಟ್‌ವಾಲ್ವಿಗೆ ಏನು ಮೆತ್ತಿಕೊಂಡೈತೆ?”

ಹೊಂಡದ ಪಾಚಿ ಮೆತ್ತಿಕೊಂಡಿತ್ತು. ನೀರು ಸಾಕಷ್ಟು ಒಳಬರದೆ ಹೋದಾಗ ಇಂಪೆಲ್ಲರಿನ ಬಾಯಲ್ಲಿ ಒತ್ತಡ ಕುಸಿದು, ಕಾಯಿಸದೆಯೇ ನೀರು ಆವಿಯ ಗುಳ್ಳೆಗಳಾಗಿ ಕುದಿಯುತ್ತದೆ. ಮುಂದೆ ಒತ್ತಡ ಹೆಚ್ಚಿರುವ ಕಡೆ ಆ ಗುಳ್ಳೆಗಳು ಒಡೆದು ಲೋಹವನ್ನು ಕೊರೆಯುತ್ತವೆ. ಜಲ್ಲಿಯ ಸದ್ದು ಅದೇ. ಇದಕ್ಕೆ ಕ್ಯಾವಿಟೇಷನ್ ಎನ್ನುತ್ತಾರೆ. ಮನುಷ್ಯ ಇದನ್ನು ಗಂಭೀರವಾಗಿ ಗಮನಿಸಿದ್ದು ಹಡಗಿನ ಪ್ರೊಪೆಲ್ಲರಿನಲ್ಲಿಯೇ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ‘ಟರ್ಬಿನಿಯಾ’ ಎಂಬ ಹಡಗನ್ನು ನೀರಿಗಿಳಿಸಿದಾಗ ಒಂದೇ ಪ್ರೊಪೆಲ್ಲರ್ ಅತಿ ವೇಗದಲ್ಲಿ ಸುತ್ತಿ ಗುಳ್ಳೆಯೆಬ್ಬಿಸಿತೇ ಹೊರತು ಹಡಗಿಗೆ ನಿರೀಕ್ಷಿಸಿದ ವೇಗ ಬರಲಿಲ್ಲ. ಕೊನೆಗೆ ಮೂರು ಶಾಫ್ಟುಗಳಿಗೆ ಮೂರು ಮೂರರಂತೆ ಒಂಬತ್ತು ಪ್ರೊಪೆಲ್ಲರ್ ಹಾಕಿದ ಮೇಲೆ ಅದು ಓಡಿದ ಓಟ ಆ ಕಾಲಕ್ಕೆ ದಾಖಲೆಯಾಯಿತು. ಅಂದರೆ ಹೊಸ ಚಕ್ರ ಹಾಕಿ ಪಾಚಿಯನ್ನು ಹಾಗೇ ಬಿಟ್ಟಿದ್ದರೆ ಅದೂ ಕೆಲವು ದಿನಗಳಲ್ಲಿ ಸಿಡುಬು ಹತ್ತಿಸಿಕೊಳ್ಳುತ್ತಿತ್ತು.

ಇನ್ನು ಕೂರಿಸುವ ಕೆಲಸ. ಶಾಫ್ಟಿನ ತುದಿ ಸ್ವಲ್ಪ ಸ್ವಲ್ಪವೇ ಸಣ್ಣದಾಗುತ್ತಾ ಹೋಗಿತ್ತು. ಇದಕ್ಕೆ ಟೇಪರ್ ಎನ್ನುತ್ತಾರೆ. ಹಿಡಿತವೆಲ್ಲ ಇರುವುದು ಈ ಇಳಿಜಾರಿನಲ್ಲಿ. ಮೇಸ್ತ್ರಿ ಶಾಫ್ಟನ್ನು ಒರೆಸಿ, ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿ, ಇಂಪೆಲ್ಲರನ್ನು ಒತ್ತಿ ತೆಗೆದರು. ಕಪ್ಪು ಒಂದೇ ಅಂಚಿಗೆ ಹತ್ತಿತ್ತು. ವಾಲ್ವು ಉಜ್ಜುವ ಪೇಸ್ಟು ಹಚ್ಚಿ ಹುಡುಗಿಯ ಕೈಗೇ ಕೊಟ್ಟರು. “ಮೆಲ್ಲಗೆ ತಿರುಗಿಸವ್ವ, ರಾಗಿ ಬೀಸಿದಂಗೆ.”

“ಅವಳ ಕೈಗೆ ಗ್ರೀಸು ಹತ್ತಿಸಬೇಡ್ರಿ ಮೇಸ್ತ್ರಿ, ಸಿಇಟಿ ಬರೆಯೋ ಹುಡುಗಿ” ಎಂದರು ಚಿಕ್ಕಪ್ಪ.

“ಸೋಪು ಐತೆ ಬಿಡ್ರಿ ಯಜಮಾನ್ರೆ.”

ಅರ್ಧ ಗಂಟೆ ಉಜ್ಜಿದ ಮೇಲೆ ಕಪ್ಪು ಸುತ್ತಲೂ ಸಮನಾಗಿ ಹತ್ತಿತು. ಪೇಸ್ಟಿನ ಸುಳಿವೂ ಉಳಿಯದಂತೆ ಸೀಮೆಎಣ್ಣೆಯಲ್ಲಿ ತೊಳೆದರು. ಆಮೇಲೆ ನಡೆದದ್ದು ನನಗೆ ಬಹಳ ಹಿಡಿಸಿತು. ಶಾಫ್ಟಿಗೂ ಚಕ್ರಕ್ಕೂ ನಡುವೆ ಜಾರದಂತೆ ಇಡುವ ಕಬ್ಬಿಣದ ತುಂಡಿಗೆ ಕೀ ಎನ್ನುತ್ತಾರೆ. ಮೊದಲು ಕೀ ಇಲ್ಲದೆ ಚಕ್ರವನ್ನು ಕೂರಿಸಿ ಅದು ನಿಂತ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದರು. ಕೀ ಇಟ್ಟು ಮತ್ತೆ ಕೂರಿಸಿದಾಗ ಗೆರೆಗೆ ಕೂದಲೆಳೆಯಷ್ಟು ಮುಂಚೆಯೇ ನಿಂತಿತು. ಕೀ ಎತ್ತರವಾಗಿ ಚಕ್ರವನ್ನು ಒಂದು ಪಕ್ಕಕ್ಕೆ ಎತ್ತಿ ಹಿಡಿದಿತ್ತು. ಹಾಗೇ ನಟ್ಟು ಬಿಗಿದಿದ್ದರೆ ಹಿಡಿತ ಟೇಪರಿಗೆ ಸಿಗದೆ, ಚಕ್ರ ಓರೆಯಾಗಿ ಸುತ್ತಿ ಬೇರಿಂಗು ತಿನ್ನುತ್ತಿತ್ತು. ಕೀಯ ತಲೆಯನ್ನು ಅರದಿಂದ ಉಜ್ಜಿದರು, ಪಕ್ಕಗಳನ್ನು ಮುಟ್ಟಲಿಲ್ಲ. ಮೂರನೆಯ ಸಲಕ್ಕೆ ಗೆರೆ ಮುಟ್ಟಿತು.

ಮಲ್ಪೆ ಬಂದರಿನಲ್ಲೂ ಇದೇ ಕ್ರಮ. ಮಳೆಗಾಲದಲ್ಲಿ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ದೋಣಿಗಳನ್ನು ದಡಕ್ಕೆಳೆದು ರಿಪೇರಿ ಮಾಡುತ್ತಾರೆ. ಎಂಜಿನ್ನು ದೋಣಿಯೊಳಗಿದ್ದು ಶಾಫ್ಟು ತಳದಿಂದ ಹೊರಬರುವ ಕಡೆ ಟೇಪರು, ಕೀ, ನಟ್ಟು. ಶಾಫ್ಟಿನ ಸುತ್ತ ನೀರು ನುಗ್ಗದಂತೆ ಸುತ್ತುವ ಗ್ಲ್ಯಾಂಡ್ ಡೋರಿಯೂ ನಮ್ಮ ಪಂಪಿನದರಂಥದೇ. ಅದನ್ನು ಪೂರ್ತಿ ಬಿಗಿಯಬಾರದು. ಹನಿಹನಿಯಾಗಿ ನೀರು ಜಿನುಗುತ್ತಿದ್ದರೇ ಡೋರಿ ತಂಪಾಗಿರುವುದು. ಸೋರಿಕೆ ನಿಲ್ಲಿಸಿದೆನೆಂದು ಬೀಗುವವನು ಶಾಫ್ಟನ್ನು ಸುಡುತ್ತಾನೆ.

ಸೋಮವಾರ ಬೆಳಿಗ್ಗೆ ಜಾಲರಿಗೆ ಬೇವಿನ ಕಡ್ಡಿಯ ಬುಟ್ಟಿ ಕಟ್ಟಿ ಫುಟ್‌ವಾಲ್ವನ್ನು ನೀರಿಗಿಳಿಸಿದೆವು. ಪಂಪಿಗೆ ನೀರು ತುಂಬಿ ಚಾಲೂ ಮಾಡಿದಾಗ ಜಲ್ಲಿಯ ಸದ್ದಿರಲಿಲ್ಲ. ಹುಡುಗಿ ಕಾಲೇಜಿಗೆ ಹೋಗುವುದು ಬಿಟ್ಟು ಗ್ಲ್ಯಾಂಡಿನ ಹನಿ ಎಣಿಸುತ್ತಾ ಕೂತಿದ್ದಳು. ಚಿಕ್ಕಪ್ಪ ಬೈಯಲಿಲ್ಲ. ಎಕರೆಗೆ ಎರಡು ಅಂಗುಲ ನೀರೆಂದರೆ ಸುಮಾರು 2 ಲಕ್ಷ ಲೀಟರ್. ಎರಡು ಹಗಲು ಓಡಿಸಿದ ಮೇಲೆ ಎರಡು ಎಕರೆ ನೆನೆದು ಹೊಂಡದ ತಳ ಕಂಡಿತು. ಮೂರನೆಯ ಎಕರೆಗೆ ನೀರು ಸಾಲಲಿಲ್ಲ. ಅದರ ಬಳ್ಳಿಯನ್ನು ದನಕ್ಕೆ ಬಿಟ್ಟರು.