ನಾಲ್ಕು ಅಂಗುಲದ ಪಟ್ಟಿ

ಮೂಡುಬಿದಿರೆ ಸಮೀಪದ ನಮ್ಮ ಮನೆಯ ಹಿಂಬದಿಯ ಕೊಟ್ಟಿಗೆಯಲ್ಲಿ ಬಹುಕಾಲ ಒಂದು ಮಾರಿಸ್ ಮೈನರ್ ಕಾರು ನಿಂತಿತ್ತು. ನಮ್ಮ ತೀರ್ಥರೂಪರು ಅದನ್ನು 1962ರಲ್ಲಿ ಮಂಗಳೂರಿನಲ್ಲಿ ಬೇರೊಬ್ಬರು ಬಳಸಿದ್ದನ್ನು ಕೊಂಡಿದ್ದರು. ಅದರ ಬಾನೆಟ್ಟಿನ ನಟ್ಟನಡುವೆ ಸುಮಾರು ನಾಲ್ಕು ಅಂಗುಲ ಅಗಲದ ಒಂದು ಪಟ್ಟಿ ತುಸು ಉಬ್ಬಿಕೊಂಡಿತ್ತು. ಬಾಲ್ಯದಲ್ಲಿ ನಾನು ಅದನ್ನು ಅಲಂಕಾರವೆಂದೇ ಭಾವಿಸಿದ್ದೆ. ಅದು ಒಂದು ತಪ್ಪಿನ ತಿದ್ದುಪಡಿಯೆಂದು ತಿಳಿದದ್ದು ಬಹಳ ತಡವಾಗಿ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ ಇಂಗ್ಲೆಂಡಿನ ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿ ಅಲೆಕ್ ಇಸಿಗೋನಿಸ್ ಎಂಬ ವಿನ್ಯಾಸಕಾರರು ಈ ಕಾರಿನ ರೂಪವನ್ನು ಕಲ್ಪಿಸತೊಡಗಿದ್ದರು. ಸಾಮಾನ್ಯ ಸಂಸಾರಸ್ಥನಿಗೆ ಎಟುಕುವ, ಆದರೂ ರಸ್ತೆಯ ಮೇಲೆ ಭದ್ರವಾಗಿ ಸಾಗುವ ಸಣ್ಣ ವಾಹನ ಅವರ ಗುರಿಯಾಗಿತ್ತು. ಪ್ರತ್ಯೇಕ ಚೌಕಟ್ಟಿನ ಮೇಲೆ ಮೈಯನ್ನು ಕೂರಿಸುವ ಹಳೆಯ ಕ್ರಮವನ್ನು ಬಿಟ್ಟು, ಮೈಯ ತಗಡೇ ಭಾರವನ್ನು ಹೊರುವಂತೆ ಅದನ್ನು ರಚಿಸಿದರು. ಎಲ್ಲವೂ ಸಿದ್ಧವಾಗುತ್ತಿದ್ದ ಕೊನೆಯ ಹಂತದಲ್ಲಿ ಅವರಿಗೇ ಒಂದು ಕೊರತೆ ಕಂಡಿತು: ಕಾರಿಗೆ ತಕ್ಕಷ್ಟು ಅಗಲವಿರಲಿಲ್ಲ. ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳಾಗಿ ಕತ್ತರಿಸಿ, ಹೋಳುಗಳನ್ನು ಸರಿಸುತ್ತ ಸರಿಸುತ್ತ, ಕಣ್ಣಿಗೆ ಒಪ್ಪುವ ಅಳತೆಯನ್ನು ಗೊತ್ತುಮಾಡಿದರು. ಅಗಲ ನಾಲ್ಕು ಅಂಗುಲ ಹೆಚ್ಚಿತು. ಬಾನೆಟ್ಟಿನ ಪಟ್ಟಿ ಅದರದೇ ಗುರುತು. ಬಂಪರುಗಳು ಆಗಲೇ ತಯಾರಾಗಿದ್ದುದರಿಂದ, ಮೊದಮೊದಲ ಕಾರುಗಳಲ್ಲಿ ಅವನ್ನು ನಡುವೆ ಕತ್ತರಿಸಿ, ಎಲ್ಲರಿಗೂ ಕಾಣುವಂತೆಯೇ ಒಂದು ತುಂಡನ್ನು ಸೇರಿಸಿದರು. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಜನರ ಮುಂದೆ ಬಂದ ಆ ಕಾರು, 1960ರ ಡಿಸೆಂಬರಿನಲ್ಲಿ ಹತ್ತು ಲಕ್ಷದ ಸಂಖ್ಯೆಯನ್ನು ಮುಟ್ಟಿತು. ಬ್ರಿಟನ್ನಿನ ಬೇರೆ ಯಾವ ಕಾರೂ ಅದಕ್ಕೆ ಮೊದಲು ಆ ಸಂಖ್ಯೆಯನ್ನು ಮುಟ್ಟಿರಲಿಲ್ಲ.

ತಂದೆಯವರು ತೀರಿಕೊಂಡ ಮೇಲೆ, 1993ರಲ್ಲಿ, ನಾನು ಆ ಕಾರನ್ನು ಮಾರಲು ನಿಶ್ಚಯಿಸಿದೆ. ನಮ್ಮದು ವಿಪರೀತ ಮಳೆಯ ಸೀಮೆ. ಆಸನದ ಕೆಳಗಿನ ತಳವು ತುಕ್ಕು ಹಿಡಿದು, ಬೆರಳಿಟ್ಟರೆ ಪುಡಿಯಾಗುತ್ತಿತ್ತು. "ಧಣಿ, ಈ ಗಾಡಿಗೆ ತಳವೇ ಬೆನ್ನೆಲುಬು. ಇದನ್ನು ಸರಿಮಾಡಿಸದೆ ಕೊಡಬೇಡಿ" ಎಂದು ಮೆಕ್ಯಾನಿಕ್ ಎಚ್ಚರಿಸಿದ. ಖರ್ಚಿನ ಲೆಕ್ಕ ಕೇಳಿ ನನ್ನ ಮನಸ್ಸು ಹಿಂದೆಗೆಯಿತು. ತೆಳುವಾದ ತಗಡು ಹೊದಿಸಿ, ಬಣ್ಣ ಬಳಿಸಿ, ಮೇಲೆ ಹೊಸ ರಬ್ಬರ್ ಹಾಸು ಹಾಸಿಸಿದೆ. ಶಿವಮೊಗ್ಗದ ಕಡೆಯ ಶಾಲಾ ಉಪಾಧ್ಯಾಯರೊಬ್ಬರು ಬಂದು ನೋಡಿ, ಮೆಚ್ಚಿ, ಹಣ ಎಣಿಸಿಕೊಟ್ಟರು. ತಳದ ವಿಚಾರವನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರಿಸದಿರುವುದು ಸುಳ್ಳಲ್ಲವೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ.

ಅದೇ ವರ್ಷ ದಶಲಕ್ಷಣ ಪರ್ವದಲ್ಲಿ ನಮ್ಮ ಬಸದಿಯಲ್ಲಿ ತತ್ತ್ವಾರ್ಥಸೂತ್ರದ ಪ್ರವಚನ ನಡೆಯಿತು. ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ವಿವರಿಸುತ್ತ ಪಂಡಿತರು ಕೊನೆಯದಾದ ಪ್ರತಿರೂಪಕ ವ್ಯವಹಾರಕ್ಕೆ ಬಂದರು. ಕೀಳು ವಸ್ತುವನ್ನು ಒಳ್ಳೆಯದರಂತೆ ತೋರಿಸಿ ಮಾರುವುದು ಅದರ ಅರ್ಥ. ನಾನು ತಲೆ ತಗ್ಗಿಸಿದೆ. ಸುಳ್ಳು ಹೇಳಿಲ್ಲವೆಂದು ನೆಮ್ಮದಿಯಿಂದಿದ್ದವನಿಗೆ, ಅದು ಕಳವಿನ ದೋಷವೆಂದು ಅಂದು ಅರಿವಾಯಿತು. ಕ್ಷಮಾವಾಣಿಯ ದಿನ ಬಂಧುಗಳಿಗೂ ನೆರೆಯವರಿಗೂ ಕೈಮುಗಿದು ಕ್ಷಮೆ ಕೋರಿದೆ. ನಾನು ನಿಜವಾಗಿ ಅಪರಾಧವೆಸಗಿದ್ದ ವ್ಯಕ್ತಿ ಮಾತ್ರ ಅಲ್ಲಿರಲಿಲ್ಲ.

ಮರುವಾರ ಬಸ್ಸು ಹತ್ತಿ ಅವರ ಊರಿಗೆ ಹೋದೆ. ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿ, ದುರಸ್ತಿಯ ಹಣವನ್ನು ಮುಂದಿಟ್ಟೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹೇಳಿದ್ದರೂ ಕೊಳ್ಳುತ್ತಿದ್ದೆ, ಸ್ವಾಮಿ. ಆದರೆ ರಿಪೇರಿಗೆ ಮುಂಚೆ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುತ್ತಿರಲಿಲ್ಲ."

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದೊಳಗೆ ಊಟ ಮುಗಿಸುವ ನಾನು, ಕೆಲವು ಸಾವಿರ ರೂಪಾಯಿಗಳ ಆಸೆಗೆ ಎಳೆಯ ಮಕ್ಕಳ ಜೀವವನ್ನು ಪುಡಿತಗಡಿನ ಮೇಲೆ ಕೂರಿಸಿದ್ದೆ. ಏನೂ ಆಗಲಿಲ್ಲವೆಂಬುದು ಅವರ ಪುಣ್ಯ. ನನ್ನ ನಿರ್ದೋಷಕ್ಕೆ ಅದು ಸಾಕ್ಷಿಯಲ್ಲ. ಪ್ರಮಾದವೇ ಹಿಂಸೆಯ ಮೂಲವೆಂದು ನಮ್ಮ ಆಚಾರ್ಯರು ಏಕೆ ಹೇಳಿದರೆಂಬುದು ಆಗ ಮನದಟ್ಟಾಯಿತು.

ಬಾನೆಟ್ಟಿನ ಪಟ್ಟಿಯ ಕಥೆಯನ್ನು ಓದಿದ್ದು ಆನಂತರ. ಅವರೂ ತಗಡು ಸೇರಿಸಿದರು, ನಾನೂ ಸೇರಿಸಿದೆ. ಅವರ ತಗಡು ಕೊರತೆಯನ್ನು ನೀಗಿಸಿ, ಗುರುತನ್ನು ಉಳಿಸಿತು. ನನ್ನದು ಗುರುತನ್ನು ಮುಚ್ಚಿ, ಕೊರತೆಯನ್ನು ಉಳಿಸಿತು. ನಮ್ಮ ಪ್ರತಿಕ್ರಮಣವೂ ಇಂಥದೇ ಕೆಲಸವಲ್ಲವೇ? ಆಗಿಹೋದ ದೋಷವನ್ನು ಮೊದಲು ಕಾಣಬೇಕು, ಬಾಯಿಬಿಟ್ಟು ಹೇಳಬೇಕು, ಬಳಿಕ ತಿದ್ದಬೇಕು. ಎಷ್ಟೇ ತಡವಾಗಿರಲಿ, ಸಿದ್ಧವಾದುದನ್ನು ಕತ್ತರಿಸಲು ಹಿಂಜರಿಯಬಾರದು.

ಮುಂದೆ ಬಸದಿಯ ಲೆಕ್ಕಪತ್ರದ ಹೊಣೆ ನನ್ನ ಪಾಲಿಗೆ ಬಂದಾಗ ಒಂದು ನಿಯಮವನ್ನು ಇಟ್ಟುಕೊಂಡೆ. ತಪ್ಪಾದ ಅಂಕಿಯನ್ನು ಅಳಿಸುವುದಿಲ್ಲ. ಅದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಹಾಕುತ್ತೇನೆ. ಪುಸ್ತಕ ಅಂದವಾಗಿ ಕಾಣುವುದಿಲ್ಲವೆಂದು ಕೆಲವರು ಹೇಳುವುದುಂಟು. ಅಂದಕ್ಕಾಗಿ ಒಮ್ಮೆ ಬಣ್ಣ ಬಳಿಸಿದವನಿಗೆ ಆ ಗೆರೆಗಳೇ ಹೆಚ್ಚು ಹಿತವಾಗಿ ಕಾಣುತ್ತವೆ.