ವಿಂಚೆಸ್ಟರ್ ಮನೆಯಲ್ಲಿ ಒಂದು ಅಪರಾಹ್ನ

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಹೋಸೆ ಎಂದೊಡನೆ ನಮ್ಮವರ ಕಣ್ಣಮುಂದೆ ನಿಲ್ಲುವುದು ಗಣಕಯಂತ್ರಗಳ ಉದ್ಯಮ. ಬೆಂಗಳೂರು, ಮೈಸೂರುಗಳಿಂದ ಹೋಗಿ ಅಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರ ಸಂಖ್ಯೆ ಅಲ್ಪವಲ್ಲ. ನನ್ನ ಅಕ್ಕ ಭಾವಂದಿರೂ ಅವರಲ್ಲಿ ಸೇರಿದವರು. ಆ ಊರಿನ ನಡುವೆ, ಥಳಥಳಿಸುವ ಅಂಗಡಿ ಸಾಲುಗಳಿಗೆ ಎದುರಾಗಿ, ಗೋಪುರ ಮಾಡು ಮೊಗಸಾಲೆಗಳು ಒಂದರ ಮೇಲೊಂದು ಹತ್ತಿ ಕುಳಿತಂತೆ ತೋರುವ ಮರದ ಮನೆಯೊಂದಿದೆ. ಸುಮಾರು 160 ಕೋಣೆಗಳು, 2,000 ಬಾಗಿಲುಗಳು, 10,000 ಕಿಟಕಿಗಳು! ಸಾರಾ ವಿಂಚೆಸ್ಟರ್ ಎಂಬ ವಿಧವೆ ಅದನ್ನು ದೆವ್ವಗಳಿಗಾಗಿ ಕಟ್ಟಿಸಿದಳೆಂದು ಲೋಕವಾರ್ತೆ.

ಅಲ್ಲಿಗೆ ಹೋಗುವ ಹಿಂದಿನ ರಾತ್ರಿ ಭಾವನವರು ‘ವಿಂಚೆಸ್ಟರ್’ ಎಂಬ ಚಲನಚಿತ್ರವನ್ನು ನಮಗೆಲ್ಲ ತೋರಿಸಿದರು. 2018ರಲ್ಲಿ ತೆರೆಕಂಡದ್ದು, ಮೈಕೇಲ್ ಮತ್ತು ಪೀಟರ್ ಸ್ಪೀರಿಗ್ ಎಂಬ ಅವಳಿ ಸಹೋದರರ ನಿರ್ದೇಶನ. ಸಾರಾಳ ಪಾತ್ರದಲ್ಲಿ ಹೆಲೆನ್ ಮಿರೆನ್‌ರಂಥ ಪ್ರೌಢ ನಟಿ. ಇಷ್ಟಿದ್ದೂ ಚಿತ್ರ ಮುಗಿದಾಗ ಮನಸ್ಸಿನಲ್ಲಿ ಭಯವೂ ಉಳಿಯಲಿಲ್ಲ, ಕನಿಕರವೂ ಉಳಿಯಲಿಲ್ಲ. ಏಕೆಂಬುದನ್ನು ಮರುದಿನ ಆ ಮನೆಯೇ ಹೇಳಿತು.

ಸಾರಾಳ ಮಾವ ಆಲಿವರ್ ವಿಂಚೆಸ್ಟರ್ ದೂರದ ಕನೆಕ್ಟಿಕಟ್ ಸಂಸ್ಥಾನದ ನ್ಯೂ ಹೇವನ್‌ನಲ್ಲಿ ಅಂಗಿಗಳನ್ನು ತಯಾರಿಸುತ್ತಿದ್ದ ಉದ್ಯಮಿ. ಅಂಗಿಯಲ್ಲಿ ಗಳಿಸಿದ್ದನ್ನು ಬಂದೂಕಿಗೆ ಹಾಕಿದ. ಹಾರಿಸಿದ ಪ್ರತಿ ಸಲವೂ ಮದ್ದು ತುಂಬುವ ತಾಪತ್ರಯವಿಲ್ಲದೆ, ಸನ್ನೆಯನ್ನು ಎಳೆದೆಳೆದು ಒಂದರ ಹಿಂದೊಂದು ಗುಂಡು ಹೊಡೆಯಬಲ್ಲ ಬಂದೂಕು ಅದು. ಅದರ 1873ರ ಮಾದರಿಗೆ, ಪಶ್ಚಿಮವನ್ನು ಗೆದ್ದ ಬಂದೂಕೆಂಬ ಬಿರುದೇ ಬಂತು. ಸೋತವರು ಯಾರೆಂಬುದನ್ನು ಆ ನೆಲದ ಮೂಲನಿವಾಸಿಗಳನ್ನು ಕೇಳಬೇಕು. ಸಾರಾ ಈ ಮನೆತನದ ಮಗ ವಿಲಿಯಂನನ್ನು 1862ರಲ್ಲಿ ಮದುವೆಯಾದಳು. 1866ರಲ್ಲಿ ಹುಟ್ಟಿದ ಮಗಳು ಆನಿ ಕೆಲವೇ ವಾರಗಳಲ್ಲಿ ಸೊರಗಿ ತೀರಿಕೊಂಡಿತು. 1880ರ ಡಿಸೆಂಬರಿನಲ್ಲಿ ಮಾವ ಹೋದ. 1881ರ ಮಾರ್ಚಿನಲ್ಲಿ ಕ್ಷಯದಿಂದ ಗಂಡನೂ ಹೋದ. ಬಂದೂಕಿನ ಐಶ್ವರ್ಯದಲ್ಲಿ ದೊಡ್ಡ ಪಾಲು ಆಕೆಯ ಕೈಸೇರಿತು. 1886ರಲ್ಲಿ ಇಲ್ಲಿ ಒಂದು ತೋಟದ ಮನೆಯನ್ನು ಕೊಂಡು ಕಟ್ಟಲಾರಂಭಿಸಿದಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ನಮ್ಮ ಎಚ್ಚರಿಕೆಯ ಮಾತು ಈಕೆಗೆ ಆಹ್ವಾನವಾಗಿ ಕೇಳಿಸುತ್ತಿತ್ತೇನೋ!

ಬಂದೂಕಿಗೆ ಬಲಿಯಾದವರ ಪ್ರೇತಗಳು ಬೆನ್ನಟ್ಟಿವೆ, ಕಟ್ಟುವುದನ್ನು ನಿಲ್ಲಿಸಿದರೆ ನಿನಗೆ ಸಾವು ಎಂದು ಪ್ರೇತವಿದ್ಯೆ ಬಲ್ಲವನೊಬ್ಬ ಹೇಳಿದನಂತೆ. ಅಂದಿನಿಂದ ಹಗಲಿರುಳೂ ಸುತ್ತಿಗೆಯ ಸದ್ದು ನಿಲ್ಲಲಿಲ್ಲವಂತೆ. 2010ರಲ್ಲಿ ಸಾರಾಳ ಜೀವನಚರಿತ್ರೆಯನ್ನು ಪ್ರಕಟಿಸಿದ ಮೇರಿ ಜೋ ಇಗ್ನೋಫೊ ಈ ‘ಅಂತೆ’ಗಳಿಗೆ ಆಧಾರ ಕಾಣಲಿಲ್ಲ. ಸಾರಾ ಎಷ್ಟೋ ಸಲ ಕೆಲಸಗಾರರನ್ನು ಕಳುಹಿಸಿಕೊಟ್ಟು ವಿಶ್ರಾಂತಿ ಪಡೆದವಳೇ. ಆದರೆ 1922ರ ಸೆಪ್ಟೆಂಬರಿನಲ್ಲಿ ಆಕೆ ತೀರಿಕೊಂಡಳು. ವರ್ಷ ತುಂಬುವ ಮೊದಲೇ, 1923ರಲ್ಲಿ, ಮನೆ ಪ್ರೇಕ್ಷಕರಿಗೆ ತೆರೆಯಿತು. ದೆವ್ವವಿಲ್ಲದ ಮನೆಗೆ ಟಿಕೆಟ್ಟು ಕೊಳ್ಳುವವರುಂಟೆ?

ಚಿತ್ರ ಈ ಐತಿಹ್ಯವನ್ನು ಹಾಗೆಯೇ ನಂಬಿ ಹೊರಡುತ್ತದೆ. ಅದು ತಪ್ಪಲ್ಲ, ದೆವ್ವದ ಕಥೆಗೆ ದೆವ್ವ ಬೇಕು. 1906ರಲ್ಲಿ ಬಂದೂಕಿನ ಕಂಪನಿಯವರು ಸಾರಾಳ ಬುದ್ಧಿ ಸ್ವಸ್ಥವೇ ಎಂದು ಪರೀಕ್ಷಿಸಲು ಪ್ರೈಸ್ ಎಂಬ ವೈದ್ಯನನ್ನು ಕಳುಹಿಸುತ್ತಾರೆ. ಅವನೋ ಹೆಂಡತಿಯನ್ನು ಕಳೆದುಕೊಂಡು ಅಫೀಮಿನ ಔಷಧಕ್ಕೆ ದಾಸನಾದವನು. ಕಂಡದ್ದು ಪ್ರೇತವೋ, ಅಮಲೋ? ಸಾರಾಳದ್ದು ಹುಚ್ಚೋ, ಪಾಪಪ್ರಜ್ಞೆಯೋ? ಎಂಥ ಒಳ್ಳೆಯ ಪ್ರಶ್ನೆಗಳು! ಆದರೆ ಒಂದನ್ನೂ ಬೆಳೆಯಗೊಡದೆ, ಕಿವಿಗಡಚಿಕ್ಕುವ ಸದ್ದಿನೊಡನೆ ಯಾವುದೋ ವಿಕಾರ ಮುಖ ಎದುರಿಗೆ ಬಂದು ನಿಲ್ಲುತ್ತದೆ. ಮೂರನೆಯ ಸಲ ಹಾಗಾದಾಗ ಅಕ್ಕನ ಮಗಳು ಮುಂದಾಗಿಯೇ ಕಿವಿ ಮುಚ್ಚಿಕೊಂಡು ನಕ್ಕುಬಿಟ್ಟಳು. ಇನ್ನು ಬಂದೂಕಿನಿಂದ ಸತ್ತವರೆಲ್ಲರೊಳಗೆ ಕಥೆ ಮುಖ್ಯವಾಗಿ ಆರಿಸಿಕೊಂಡಿರುವ ಪ್ರೇತ, ಅಂತರ್ಯುದ್ಧದಲ್ಲಿ ತಮ್ಮಂದಿರನ್ನು ಕಳೆದುಕೊಂಡ ದಕ್ಷಿಣದ ಒಬ್ಬ ಸೈನಿಕನದು. ಮೂಲನಿವಾಸಿಗಳ ಪಾಲಿಗೆ ಪ್ರೇತಲೋಕದಲ್ಲಿಯೂ ಹಿಂದಿನ ಸಾಲೇ.

ಮನೆಯೊಳಗೆ ನಡೆದಾಡಿದಾಗ ನಮ್ಮ ತಾಯಿಯವರನ್ನು ಹಿಡಿದು ನಿಲ್ಲಿಸಿದ್ದು ಒಂದು ಮೆಟ್ಟಿಲಸಾಲು. 44 ಮೆಟ್ಟಿಲುಗಳು ಏಳು ಸಲ ಹಿಂದೆ ಮುಂದೆ ತಿರುಗಿ, ಏರುವುದು ಒಟ್ಟು ಒಂಬತ್ತೇ ಅಡಿ! ಒಂದೊಂದು ಮೆಟ್ಟಿಲೂ ಎರಡಂಗುಲದಷ್ಟು ಎತ್ತರ. ದೆವ್ವಗಳನ್ನು ದಾರಿ ತಪ್ಪಿಸಲು ಎಂದು ನಮ್ಮ ಹಿಂದಿದ್ದ ಪ್ರವಾಸಿಯೊಬ್ಬರು ಮಕ್ಕಳಿಗೆ ಹೇಳುತ್ತಿದ್ದರು. ತಾಯಿಯವರು ಕೈಪಿಡಿಯನ್ನೇ ಹಿಡಿಯದೆ ಸರಾಗವಾಗಿ ಹತ್ತಿ ಹೋಗಿ ಮೇಲಿನಿಂದ ಕರೆದರು:

“ಇದು ದೆವ್ವಕ್ಕೆ ಕಟ್ಟಿಸಿದ್ದಲ್ಲ ಕಣೋ, ಮಂಡಿನೋವಿಗೆ ಕಟ್ಟಿಸಿದ್ದು!”

ಸಾರಾಳಿಗೆ ಸಂಧಿವಾತವಿದ್ದುದು ನಿಜ. ಕಾಲೆತ್ತಿ ಇಡಲಾರದವಳು ತನಗೆ ತಕ್ಕ ಮೆಟ್ಟಿಲನ್ನು ತಾನೇ ಯೋಜಿಸಿಕೊಂಡಳು. ಗಿಡಗಳ ಕೋಣೆಯೊಂದರಲ್ಲಿ ನೆಲದ ಹಲಗೆಗಳನ್ನು ಎತ್ತಿದರೆ ಕೆಳಗೆ ಸತುವಿನ ತಗಡು. ಕುಂಡಗಳಿಗೆ ಹೊಯ್ದ ನೀರು ಪೋಲಾಗದೆ ಹರಿದು ಹೊರಗಿನ ತೋಟಕ್ಕೆ ಹೋಗುತ್ತದೆ. ಹುಚ್ಚಿಯ ಕೆಲಸವೇ ಇದು? ವಾಸ್ತುಶಿಲ್ಪವನ್ನು ಶಾಲೆಯಲ್ಲಿ ಕಲಿಯದ ಒಬ್ಬ ಗೃಹಿಣಿ, ತಪ್ಪಾದರೆ ಕಿತ್ತು, ಸರಿಯೆನಿಸಿದರೆ ಉಳಿಸಿ, ಪ್ರಯೋಗ ಮಾಡುತ್ತ ಕಳೆದ ವರ್ಷಗಳು ಇಲ್ಲಿ ಮರವಾಗಿ ಗಾಜಾಗಿ ನಿಂತಿವೆ. ಗಂಡಸೊಬ್ಬ ಹೀಗೆ ಮಾಡಿದ್ದರೆ ಶೋಧಕನೆನ್ನುತ್ತಿದ್ದರು.

ಮೇಲಂತಸ್ತಿನಲ್ಲಿ ತೆರೆದರೆ ಬಯಲಿಗೆ ಬೀಳಿಸುವ ಬಾಗಿಲೊಂದಿದೆ. ಛಾವಣಿಗೆ ಹೋಗಿ ಮುಟ್ಟಿ ನಿಲ್ಲುವ ಮೆಟ್ಟಿಲುಗಳಿವೆ. 1906ರ ಏಪ್ರಿಲ್ 18ರ ಭೂಕಂಪದಲ್ಲಿ ಈ ಮನೆಯ ಏಳಂತಸ್ತಿನ ಗೋಪುರ ಉರುಳಿತು, ಎಷ್ಟೋ ಭಾಗ ಕುಸಿಯಿತು. ಬಿದ್ದುದನ್ನು ತೆಗೆಸಿದರು, ಮತ್ತೆ ಕಟ್ಟಲಿಲ್ಲ. ಹಾಗೆ ಅರ್ಥ ಕಳೆದುಕೊಂಡ ಬಾಗಿಲುಗಳಿಗೆ ದೆವ್ವದ ಅರ್ಥ ಬಂತೆಂಬುದೇ ನನಗೆ ಒಪ್ಪಿಗೆಯಾಗುತ್ತದೆ. ಚಿತ್ರದಲ್ಲಾದರೋ ಆ ಭೂಕಂಪವೂ ಸೈನಿಕನ ಪ್ರೇತದ ಕೋಪದೊಡನೆ ಬೆರೆತುಹೋಗಿದೆ.

ಕೊನೆಗೆ ಆ ಪ್ರೇತವನ್ನು ಅಡಗಿಸುವುದು ಹೇಗೆ ಗೊತ್ತೆ? ವೈದ್ಯನಿಗೆ ಹಿಂದೊಮ್ಮೆ ತಗುಲಿ, ಅವನನ್ನು ಸಾವಿನ ಬಾಗಿಲವರೆಗೆ ಒಯ್ದ ಗುಂಡನ್ನೇ ವಿಂಚೆಸ್ಟರ್ ಬಂದೂಕಿಗೆ ತುಂಬಿ ಹಾರಿಸುತ್ತಾರೆ. ಬಂದೂಕಿನ ಪಾಪವನ್ನು ಕುರಿತ ಕಥೆಗೆ ಬಂದೂಕೇ ಪರಿಹಾರ! ಇದನ್ನು ಬರೆದವರಿಗೆ ತಾವು ಬರೆದದ್ದು ಕಾಣಲಿಲ್ಲವೇ ಎಂದು ನಾನು ಭಾವನವರೊಡನೆ ಬಹಳ ಹೊತ್ತು ವಾದಿಸಿದೆ. ದೆವ್ವದ ಚಿತ್ರಕ್ಕೆ ಇಷ್ಟು ಸಾಲದೇ ಎಂಬುದು ಅವರ ಪಕ್ಷ.

ತಾಯಿಯವರು ಮಾತ್ರ ಹೊರಗಿನ ತೋಟದ ಬೆಂಚಿನ ಮೇಲೆ ಕುಳಿತು, ಆ ಕೂಸಿಗೆ ಎಷ್ಟು ವಾರವಾಗಿತ್ತು ಎಂದು ಕೇಳಿದರು. ಆರು ವಾರವೆಂದು ಅಕ್ಕ ಹೇಳಿದಳು. ಗಂಡನ ವಿಷಯವನ್ನೂ ಕೇಳಿದರು. ಅವನನ್ನು ಕೊಂದ ರೋಗಕ್ಕಾಗಿ ಸಾರಾ ಅವನ ಹೆಸರಿನಲ್ಲಿಯೇ ಕನೆಕ್ಟಿಕಟ್ಟಿನಲ್ಲಿ ಕ್ಷಯದ ಆಸ್ಪತ್ರೆಯೊಂದಕ್ಕೆ ದತ್ತಿ ಕೊಟ್ಟಿದ್ದಳು. ಬಂದೂಕಿನ ಹಣ ಅಲ್ಲಿಗೂ ಹೋಯಿತು.