ಕೌದಿ ಹೊಲಿದವರ ಹೆಸರು

ನಮ್ಮನೆಯ ಅಟ್ಟದ ಮೇಲೆ ಒಂದು ಕೌದಿ ಇದೆ. ಮೂವತ್ತು ವರ್ಷದಷ್ಟು ಹಳೆಯದು. ಯಲ್ಲಾಪುರ ತಾಲೂಕಿನ ಮಂಚಿಕೇರಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಆಷಾಢದ ಮಳೆಗೂ ಮಾರ್ಗಶಿರದ ಚಳಿಗೂ ಅದನ್ನೇ ಹೊದ್ದು ಬೆಳೆದೆ. ಅಮ್ಮಮ್ಮನ ಹಸಿರು ಸೀರೆ, ಅಪ್ಪಯ್ಯನ ಪಟ್ಟೆ ಅಂಗಿ, ನನ್ನ ಮೂರನೇ ಇಯತ್ತೆಯ ನೀಲಿ ಲಂಗ ಎಲ್ಲವೂ ಅದರಲ್ಲಿವೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಪುಟ್ಟ ತ್ರಿಕೋನಗಳಿವೆ. ಹೊಲಿದದ್ದು ತೋಟದ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸು. ಅವರ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ಶಿರಸಿಯಲ್ಲಿ ಡಿಗ್ರಿ ಓದುವಾಗ. ಹಾಸ್ಟೆಲಿನ ಮಂಚದ ಮೇಲೆ ಅದೇ ಕೌದಿ ಹೊದ್ದುಕೊಂಡು ಆಲಿಸ್ ವಾಕರ್ ಅವರ 'ಇನ್ ಸರ್ಚ್ ಆಫ್ ಅವರ್ ಮದರ್ಸ್ ಗಾರ್ಡನ್ಸ್' ಓದುತ್ತಿದ್ದೆ. ಬರೆಯಲು, ಚಿತ್ರಿಸಲು ಬಿಡದ ಕಾಲದಲ್ಲಿ ಕಪ್ಪು ಹೆಂಗಸರು ತಮ್ಮ ಕಲೆಯನ್ನು ಎಲ್ಲಿಟ್ಟರು ಎಂದು ಅವರು ಕೇಳುತ್ತಾರೆ. ಹೂದೋಟದಲ್ಲಿ, ಹಾಡಿನಲ್ಲಿ, ಕೌದಿಯಲ್ಲಿ ಎಂಬುದು ಅವರಿಗೆ ಸಿಕ್ಕ ಉತ್ತರ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯದ ಒಂದು ಕೌದಿಯ ಕೆಳಗೆ ಅದನ್ನು ಮಾಡಿದವಳು ಹೆಸರಿಲ್ಲದ ಕಪ್ಪು ಹೆಂಗಸು ಎಂಬರ್ಥದ ಚೀಟಿ ಇತ್ತಂತೆ. ಓದಿ ಅತ್ತೆ. ಕಣ್ಣೊರೆಸಿಕೊಳ್ಳಲು ಕೌದಿಯ ಅಂಚು ಎಳೆದುಕೊಂಡಾಗ ಕೈ ಅಲ್ಲೇ ನಿಂತಿತು.

ರಜೆಗೆ ಮನೆಗೆ ಹೋದಾಗ ಆಯಿಯನ್ನು ಕೇಳಿದೆ. "ಆ ಸಿದ್ದಿ ಹೆಂಗಸು, ಹೊಳೆಯಾಚೆದು" ಅಂದಳು. ಹೆಸರು? ಒಲೆ ಮುಂದೆ ಕೂತು ಬಹಳ ಹೊತ್ತು ಯೋಚಿಸಿದಳು. "ನೆನಪಿಲ್ಲೆ. ಹೆಸರು ಹೇಳಿ ಕರೆದಿದ್ದೇ ಇಲ್ಲೆ."

ನಮ್ಮ ಹವಿಗನ್ನಡದಲ್ಲಿ ಹೆಂಗಸರೆಲ್ಲ 'ಅದು'. ಆಯಿಯೂ 'ಅದು', ನಾನೂ 'ಅದು', ಆ ಸಿದ್ದಿ ಹೆಂಗಸೂ 'ಅದು'. ಇಷ್ಟರ ಮಟ್ಟಿಗೆ ನಾವೆಲ್ಲ ಒಂದೇ ಎಂದು ಹೇಳಿ ಸ್ತ್ರೀವಾದದ ಸೆಮಿನಾರಿನಲ್ಲಿ ಚಪ್ಪಾಳೆ ಗಿಟ್ಟಿಸಿದ್ದೂ ಇದೆ. ಆಯಿಯ ಹೆಸರು ತೋಟದ ಪಹಣಿಯಲ್ಲಿಲ್ಲ, ನಿಜ. ಆದರೆ ಆಯಿ ಜಗುಲಿ ದಾಟಿ ಒಳಗಿದ್ದಳು, ಅವರು ಅಂಗಳದಲ್ಲಿದ್ದರು. ಜನಾಂಗ ಮತ್ತು ಹೆಣ್ತನ ಎರಡೂ ಕೂಡುವ ಜಾಗದಲ್ಲಿ ನಿಂತವಳ ಪೆಟ್ಟು ಎರಡರಲ್ಲಿ ಯಾವುದೊಂದರ ಲೆಕ್ಕಕ್ಕೂ ಸಿಗುವುದಿಲ್ಲ ಎಂದು ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಬರೆದರು. ಅದನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ನಮ್ಮನೆ ಅಂಗಳ ನೆನಪಾಗಿರಲಿಲ್ಲ.

ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕಾದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಸಂತತಿ ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿಯ ಕಡೆಗಳಲ್ಲಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳವರಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಎಂಬತ್ತರ ದಶಕದಲ್ಲಿ ನೀನಾಸಂನ ಚಿದಂಬರರಾವ್ ಜಂಬೆಯವರು ಮಂಚಿಕೇರಿಯ ಸಿದ್ದಿಗಳಿಂದಲೇ ಚಿನುವ ಅಚಿಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಆಧರಿಸಿದ ನಾಟಕ ಆಡಿಸಿದ್ದರು. ಅಪ್ಪಯ್ಯ ಅದನ್ನು ನೋಡಿ ಚಪ್ಪಾಳೆ ತಟ್ಟಿ ಬಂದವರು. ಮಾರನೇ ದಿನ ತೋಟಕ್ಕೆ ಬಂದ ಸಿದ್ದಿ ಆಳುಗಳಿಗೆ ಚಹಾ ಕೊಟ್ಟದ್ದು ಎಂದಿನ ಬೇರೆ ಲೋಟದಲ್ಲೇ. ಇದನ್ನು ಹೇಳಿದವರೂ ಅವರೇ, ತಲೆ ತಗ್ಗಿಸಿಕೊಂಡು.

ಕಳೆದ ಚಳಿಗಾಲದಲ್ಲಿ ಕೌದಿಯನ್ನು ಬಗಲಿಗಿಟ್ಟುಕೊಂಡು ಹೊಳೆ ದಾಟಿದೆ. ಅವರಿಗೆ ಈಗ ಎಪ್ಪತ್ತು ದಾಟಿದೆ. ಬಂದ ಕಾರಣ ಹೇಳಿದಾಗ ಬಾಯಿತುಂಬ ನಕ್ಕರು. "ಇಷ್ಟು ವರ್ಷ ಆದ್ಮೇಲೆ ಹೆಸರು ಬೇಕಾಯ್ತಾ?" ಕೌದಿಯನ್ನು ಮಡಿಲಿಗೆ ಹಾಕಿಕೊಂಡು ಅಂಚಿನ ಮೇಲೆ ಬೆರಳಾಡಿಸಿದರು. ಮೂಲೆಯಿಂದ ಹೊಲಿಗೆ ಶುರುಮಾಡಿ, ಅಂಚಿನಲ್ಲೇ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸಬೇಕಂತೆ. ಮೂಲೆಯ ತ್ರಿಕೋನಗಳು 'ಫೂಲ'. ಹೂವಿಲ್ಲದ ಕೌದಿ ಬತ್ತಲೆ ಎಂದರು.

ನಡುವಿನ ಕೆಂಪು ತುಂಡಿನ ಮೇಲೆ ಅವರ ಬೆರಳು ನಿಂತಿತು. "ಇದು ನಿಮ್ಮನೇದಲ್ಲ. ನಿಮ್ಮಮ್ಮ ಕೊಟ್ಟ ಬಟ್ಟೆ ಸಾಲ್ಲಿಲ್ಲ. ಮಗಳ ಫ್ರಾಕು ಹರಿದು ಹಾಕ್ದೆ." ಅಷ್ಟು ವರ್ಷ ನನ್ನ ಎದೆಯ ಮೇಲಿದ್ದದ್ದು ಆ ತುಂಡೇ. ನಮ್ಮನೆಯ ನೆನಪು ಎಂದುಕೊಂಡಿದ್ದೆ. ಕೂಲಿ ಎಂದು ಎರಡು ಸೇರು ಅಕ್ಕಿ, ಒಂದು ತೆಂಗಿನಕಾಯಿ ಸಿಕ್ಕಿತ್ತಂತೆ. "ನಿಮ್ಮನೆ ಅಂಗಳದಲ್ಲಿ ಒಣಗಿಸಿದಾಗೆಲ್ಲ ನಿಂತು ನೋಡ್ತಿದ್ದೆ."

ಸ್ಮಿತ್ಸೋನಿಯನ್ನಿನಲ್ಲಿ ಹ್ಯಾರಿಯೆಟ್ ಪವರ್ಸ್ ಹೊಲಿದ ಬೈಬಲ್ ಕೌದಿ ಇದೆ. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಆಕೆ ಹತ್ತು ಡಾಲರ್ ಕೇಳಿ, ಬಡತನಕ್ಕೆ ಐದಕ್ಕೆ ಅದನ್ನು ಮಾರಿದಳು. ಆಮೇಲೆ ಕೊಂಡವರ ಮನೆಗೆ ಹಲವು ಸಲ ಹೋಗಿ ತನ್ನ ಕೌದಿಯನ್ನು ನೋಡಿ ಬಂದಳು. ಇದು ನನಗೆ ತಿಳಿದದ್ದು ಹೊಳೆ ದಾಟಿ ಬಂದ ಮೇಲೆ.

ಮನೆಗೆಲಸದ ಕಪ್ಪು ಹೆಂಗಸು ಯಜಮಾನರ ಮನೆಯೊಳಗಿದ್ದೂ ಹೊರಗಿನವಳು, ಅದಕ್ಕೇ ಆ ಮನೆಯವರು ಕಾಣದ್ದನ್ನು ಕಾಣಬಲ್ಲಳು ಎಂದು ಪೆಟ್ರೀಷಿಯಾ ಹಿಲ್ ಕಾಲಿನ್ಸ್ 1986ರಲ್ಲಿ ಬರೆದಿದ್ದಾರೆ. ನಮ್ಮನೆಯ ಯಾವ ಸೀರೆ ಯಾವಾಗ ಹರಿಯಿತು, ಯಾರು ಎಷ್ಟು ಕೊಟ್ಟರು, ಯಾವುದು ಸಾಲಲಿಲ್ಲ ಎಂಬ ಪೂರ್ತಿ ಲೆಕ್ಕ ಅವರ ಹತ್ತಿರವಿತ್ತು. ನಮ್ಮ ಹತ್ತಿರ ಅವರ ಹೆಸರೂ ಇರಲಿಲ್ಲ.

ಕೌದಿಯನ್ನು ನೀವೇ ಇಟ್ಟುಕೊಳ್ಳಿ ಎಂದೆ. "ಹಳೇ ಬಟ್ಟೆ ನನಗ್ಯಾಕೆ? ಕೊಡೂದಾದ್ರೆ ಹೊಸ ಕೌದಿಗೆ ದುಡ್ಡು ಕೊಡು" ಎಂದು ರೇಟು ಹೇಳಿದರು. ಚೌಕಾಸಿ ಮಾಡದೆ ಮುಂಗಡ ಕೊಟ್ಟೆ.

ಹೊರಡುವಾಗ ಹೆಸರು ಹೇಳಿದರು. ಬರೆಯಲೇ ಎಂದು ಕೇಳಿದೆ.

"ನಿನಗೆ ಹೇಳಿದ್ದು, ಪೇಪರಿಗಲ್ಲ. ಕರೆಯೂಕೆ ಇಟ್ಕೋ."